ಜರಡಿಗೆ ಒಂದೇ ಕುರ್ಚಿ

"ಅದನ್ಯಾಕ ಮುಚ್ಚಿದ್ರಿ?"

"ನೀವ್ಯಾಕ ನೋಡಿದ್ರಿ?"

ಬಾಗಿಲಲ್ಲಿ ನಿಂತವನು ನಕ್ಕ. ಯಶೋಧಾ ನಗಲಿಲ್ಲ. ತೂತು ಹೊಡೆಯುವ ಪ್ರೆಸ್ಸಿನ ಮೇಲೆ ಗೋಣಿಚೀಲ ಎಳೆದು, ಅದಕ್ಕೆ ಅಡ್ಡವಾಗಿ ನಿಂತಳು. ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು.

ಸಿರಸಂಗಿಯ ಆ ಶೆಡ್ಡಿನಲ್ಲಿ ನಡೆಯುವುದು ಒಂದೇ ಕೆಲಸ. ಕಾಳು ಒಕ್ಕುವ ರಾಶಿ ಮಷೀನಿಗೆ ಹಾಕುವ ತಗಡಿನ ಜರಡಿ. ಜೋಳಕ್ಕೊಂದು ಅಳತೆಯ ತೂತು, ಕುಸಬಿಗೊಂದು, ಎಳ್ಳಿಗೊಂದು. ಅದರಲ್ಲೂ ನವಣಿ ಜರಡಿ! ಕಾಳು ಸಿಕ್ಕಿಕೊಳ್ಳದ ನವಣಿ ಜರಡಿ ಮಾಡುವವರು ಸುತ್ತ ನಾಲ್ಕು ತಾಲೂಕಿನಲ್ಲಿ ಇವಳೊಬ್ಬಳೇ.

ಅದು ಯಾರಿಗೆ ಗೊತ್ತಿತ್ತು? ಯಾರಿಗೂ ಇಲ್ಲ! ಮಾಲು ಒಯ್ಯುವ ವ್ಯಾಪಾರಿ ತಗಡಿನ ಮೂಲೆಯಲ್ಲಿದ್ದ ಇವಳ ಗುರುತನ್ನು ಅರದಿಂದ ತಿಕ್ಕಿ ಅಳಿಸಿ, ತನ್ನದೇ ಮಾಲು ಅನ್ನುವಂತೆ ಮಾರುತ್ತಿದ್ದ. ದುಡಿದವರ ಹೆಸರು ತಿಕ್ಕಿ ಹಾಕಿ ಬದುಕುವ ಮಂದಿಗೆ ಊಟ ಹೆಂಗ ಇಳೀತದೋ!

ಈಗ ಅವನೂ ಎರಡು ತಿಂಗಳಿಂದ ಈ ಕಡೆ ಹಾಯ್ದಿಲ್ಲ. ಇನ್ನೊಂದು ಹಂಗಾಮು ಹೀಗೇ ಹೋದರೆ ಶೆಡ್ಡಿಗೆ ಬೀಗ.

"ನಾ ಬಾಳೇಶ ಅಂತರಿ, ಬೈಲಹೊಂಗಲದಾಂವ. ತಗಡಿನ ಕೆಲಸ ಮಾಡ್ತೇನಿ. ನಮ್ದೊಂದು ಬಳಗ ಐತಿ. ಸಣ್ಣ ಸಣ್ಣ ಕಾರಖಾನಿಯವರು ಗುರುವಾರಕ್ಕೊಮ್ಮೆ ಸವದತ್ತ್ಯಾಗ ಕೂಡತೀವಿ. ನಮಗ ಬರಲಾರದ ಕೆಲಸ ಬರೂವರಿಗೆ ಹೇಳತೀವಿ. ನೀವೂ ಬರ್ರಿ."

"ಪುಕ್ಕಟನ?"

"ವರ್ಷಕ್ಕಿಷ್ಟು ಚಂದಾ ಐತ್ರಿ."

"ಅಂದ್ರ ನಾನ ರೊಕ್ಕಾ ಕೊಟ್ಟು, ನನ್ನ ಗುಟ್ಟು ನಾನ ಹೇಳಿ ಬರಬೇಕು!"

ಭುಜದ ಬಲ ಹೋಗಿ, ಈಗ ಕೂತಲ್ಲೇ ಕೆಲಸ ನೋಡುವ ಅಪ್ಪ ಕಾಡಪ್ಪ ಮೂಲೆಯಿಂದ ಕೂಗಿದ. "ಏ ಯಶೋದಿ, ಮೊದಲ ಚಾ ಕೊಡ. ಆಮ್ಯಾಲೆ ಜಗಳಾ ತೆಗಿ."

ಚಾ ಅಂದರೇ ಅವಳಿಗೆ ಹೆದರಿಕೆ! ಎಂಟು ವರ್ಷದ ಹಿಂದೆ ಒಬ್ಬ ಹೀಗೇ ಬಂದಿದ್ದ. ಬಳಗ ಅಂದ, ಮೂರು ಸಲ ಚಾ ಕುಡಿದ, ಅಪ್ಪ ಆಚೆ ಹೋದಾಗ ಪ್ರೆಸ್ಸಿನ ಅಳತೆ ತೆಗೆದುಕೊಂಡ. ಆರು ತಿಂಗಳಲ್ಲಿ ಇವರ ಜೋಳದ ಜರಡಿ ಅವನ ಅಂಗಡಿಯಲ್ಲಿತ್ತು!

ಬಾಳೇಶ ಚಾದ ಬಸಿ ಹಿಡಿದಾಗ ಅವಳು ಅವನ ಹೆಬ್ಬೆರಳು ನೋಡಿದಳು. ತುದಿಯ ತುಂಬ ಸಣ್ಣ ಸಣ್ಣ ಚುಕ್ಕೆಯಂಥ ಗಾಯದ ಕಲೆ. ಅವಳ ಹೆಬ್ಬೆರಳಲ್ಲೂ ಅಂಥವೇ ಇದ್ದವು.

'ಇದು ಬರೇ ತಗಡು ಬಗ್ಗಿಸೋರ ಕೈ ಅಲ್ಲ... ತೂತು ಹೊಡೆಯೋರ ಕೈ!'

ಆದರೂ ಹೋದಳು. ಶೆಡ್ಡು ಉಳಿಯಬೇಕಿತ್ತಲ್ಲ...

* * *

ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯ ಮಹಡಿ ಮೇಲೆ ಹದಿನಾಲ್ಕು ಕುರ್ಚಿ. ಕಿತ್ತೂರಿನಲ್ಲಿ ಉಕ್ಕಿಗೆ ಹದ ಕೊಡುವ ಭಟ್ಟಿ ಇಟ್ಟಿದ್ದ ಅನ್ನಪೂರ್ಣಾ ಆ ಬಳಗದ ಹಿರಿಯಳು.

"ಒಂದು ಕಸುಬಿಗೆ ಒಂದ ಕುರ್ಚಿ, ತಂಗಿ. ಇಬ್ಬರು ಕುಂತ್ರ ಒಬ್ಬರ ಗಿರಾಕಿ ಒಬ್ಬರು ಕಸಗೊಂತಾರ. ಇನ್ನ ಜರಡಿ ಕುರ್ಚಿ ನಿಂದು. ಎದ್ದು ನಿಂತು ನಿನ್ನ ಕೆಲಸ ಹೇಳು."

ಯಶೋಧಾ ಎದ್ದಳು. "ಯಶೋಧಾ. ಜರಡಿ." ಕೂತಳು.

"ಮಾತಿಗೂ ಜರಡಿ ಹಿಡಿದೀಯಲ್ಲವಾ!" ಅಂದ ರಾಮದುರ್ಗದ ವಿರೂಪಾಕ್ಷಣ್ಣ. ಅವನದು ರಾಶಿ ಮಷೀನಿನ ಕಾರಖಾನೆ. ಎಲ್ಲರೂ ನಕ್ಕರು. ಬಾಳೇಶ ಮಾತ್ರ ಕುರ್ಚಿ ಇಲ್ಲದೆ ಗೋಡೆಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದ.

'ಯಾಕ ನೋಡತಾನ?'

ಮೂರು ತಿಂಗಳಲ್ಲಿ ಏನೆಲ್ಲ ಆಯಿತು! ಅನ್ನಪೂರ್ಣಕ್ಕ ಹದ ಕೊಟ್ಟ ಮೇಲೆ, ವಾರಕ್ಕೊಮ್ಮೆ ಮೊಂಡಾಗುತ್ತಿದ್ದ, ತೂತು ಹೊಡೆಯುವ ಪಂಚು ತಿಂಗಳು ಬಾಳಿಕೆ ಬಂತು. ತಗಡನ್ನು ಐದು ಜನ ಕೂಡಿ ತರಿಸಿದರು, ಅಗ್ಗ ಬಿತ್ತು. ವಿರೂಪಾಕ್ಷಣ್ಣ ನಲವತ್ತು ನವಣಿ ಜರಡಿ ಬೇಕೆಂದ, ನೇರವಾಗಿ! ಮೂಲೆಯಲ್ಲಿ ಅವಳದೇ ಗುರುತು. ಯಾರೂ ತಿಕ್ಕಲಿಲ್ಲ. ಅವಳು ಅದರ ಮೇಲೆ ಬೆರಳಾಡಿಸಿ, ಅಪ್ಪನಿಗೆ ಕಾಣದಂತೆ ಕಣ್ಣೊರೆಸಿಕೊಂಡಳು.

ಮಾಲು ಒಯ್ಯಲು ಪ್ರತಿ ಸಲ ಬಾಳೇಶನೇ ಟೆಂಪೋ ತರುತ್ತಿದ್ದ. ಗೋಣಿಚೀಲದ ಕೆಳಗೆ ಏನಿದೆ ಅಂತ ಒಮ್ಮೆಯೂ ಕೇಳಲಿಲ್ಲ.

'ಯಾಕ ಕೇಳವಲ್ಲ?' ಅದಕ್ಕೂ ಅವಳಿಗೆ ಸಂಶಯ!

"ಇವತ್ತ ಅವನ ಚಾಕ್ಕ ಸಕ್ರಿ ಜಾಸ್ತಿ ಹಾಕಿದಿ," ಅಂದ ಕಾಡಪ್ಪ. "ಸಂಶಯ ಅರ್ಧಾ ಕರಗೇತಿ."

"ಸುಮ್ನಿರಪಾ!"

ಮರು ಗುರುವಾರ ಮೆಟ್ಟಿಲು ಇಳಿಯುವಾಗ ವಿರೂಪಾಕ್ಷಣ್ಣ ಅಂದ, "ಯಶೋಧಾ, ಜೋಳದ ಜರಡೀನೂ ನೀನ ಕೊಡು. ಮೊದಲ ಬಾಳೇಶನ ಕಡೆ ಒಯ್ತಿದ್ವಿ."

ಅವಳ ಕಾಲು ನಿಂತಿತು. "ಯಾರ ಕಡೆ?"

"ಬಾಳೇಶನ ಕಡೆ. ಅಂವನೂ ಜರಡಿಯಾಂವ ಅಲ್ಲೇನು!"

ಬಾಳೇಶ ಕೆಳಗೆ ಟೆಂಪೋ ಹತ್ತಿರ ನಿಂತಿದ್ದ. ನೇರ ಅಲ್ಲಿಗೇ ಹೋದಳು.

"ನೀವು ಜರಡಿ ಮಾಡ್ತೀರಿ?"

ಅವನು ತಲೆ ತಗ್ಗಿಸಿದ. "ಮಾಡ್ತಿದ್ದೆ."

"ತಗಡಿನ ಕೆಲಸ ಅಂದ್ರಿ! ಮೂರು ತಿಂಗಳು ನಮ್ಮ ಮನಿ ಚಾ ಕುಡಿದ್ರಿ! ಅಳತಿ ಎಲ್ಲಾ ಸಿಕ್ತೇನು?"

"ಯಶೋಧಾ ಅವರ, ಒಂದ ಮಾತು ಕೇಳ್ರಿ..."

"ನಿಮ್ಮ ಮಾತ ನಂಬಿ ಬಂದೆ ನೋಡ್ರಿ, ನಂದ ತಪ್ಪು!"

ಬಸ್ಸಿನಲ್ಲಿ ಕೂತು ಬಳಗದ ವಾಟ್ಸಾಪಿಗೆ ಎರಡೇ ಮಾತು ಹಾಕಿದಳು: 'ನಾ ಬಿಟ್ಟೆ.' ಸಿರಸಂಗಿ ಬರುವವರೆಗೂ ಸೆರಗು ಕಣ್ಣಿಂದ ಇಳಿಯಲಿಲ್ಲ. ಗುಟ್ಟು ಹೋಯಿತು ಅಂತ ಅತ್ತಳೋ, ಅವನು ಹೋದ ಅಂತ ಅತ್ತಳೋ... ಅವಳಿಗೇ ತಿಳಿಯಲಿಲ್ಲ.

* * *

ಎರಡು ಗುರುವಾರ ಕಳೆದವು. ಮೂರನೆಯದರ ಮರುದಿನ ಅನ್ನಪೂರ್ಣಕ್ಕ ಹದ ಮಾಡಿದ ಪಂಚುಗಳ ಚೀಲ ಹಿಡಿದು ತಾನೇ ಬಂದಳು.

"ನಿಂದು ಸಿಟ್ಟು ಮುಗೀತೋ, ಇನ್ನೂ ಐತೋ?"

"ಅಂವ ಕಳ್ಳ, ಅಕ್ಕಾ."

"ಏನ ಕಳವು ಮಾಡ್ಯಾನ? ನಿನ್ನಂಥಾ ಒಂದರ ಜರಡಿ ಪ್ಯಾಟ್ಯಾಗ ಬಂದೈತೇನು?"

ಬಂದಿರಲಿಲ್ಲ... ಒಂದೂ ಬಂದಿರಲಿಲ್ಲ!

"ಒಂದು ಕಸುಬಿಗೆ ಒಂದ ಕುರ್ಚಿ ಅಂದಿದ್ದೆ. ನೀ ಬರೂಕಿಂತ ಮೊದಲ ಆ ಕುರ್ಚಿ ಮ್ಯಾಲೆ ಯಾರಿದ್ರು ಅಂತ ಕೇಳಿದೇನು? ಅಂವನ ಇದ್ದ. 'ಸಿರಸಂಗ್ಯಾಗ ನನಗಿಂತ ಚಲೋ ಮಾಡೋರದಾರ, ನಾ ಏಳತೇನಿ' ಅಂದ. ಹುಚ್ಚ ಅಂತ ಬೈದ್ವಿ. ಎದ್ದ ಬಿಟ್ಟ. ಟೆಂಪೋ ಬಾಡಿಗಿ ಹೊಡಕೋಂತ ಅದಾನ."

ಯಶೋಧಾ ಚೀಲ ತೆಗೆದುಕೊಂಡು ಅಪ್ಪನ ಕೈಗಿಟ್ಟಳು. ಬೈಲಹೊಂಗಲದ ಬಸ್ಸಿಗೆ ಇನ್ನು ಹತ್ತು ನಿಮಿಷ ಇತ್ತು. ಅವಳು ಚಪ್ಪಲಿ ಸರಿಯಾಗಿ ಮೆಟ್ಟಿದಳೋ ಇಲ್ಲವೋ!

* * *

ಬಾಳೇಶ ತನ್ನ ಶೆಡ್ಡಿನ ಮುಂದೆ ಕಬ್ಬಿಣದ ಪಟ್ಟಿ ಕೊಯ್ಯುತ್ತಿದ್ದ. ಅವಳನ್ನು ಕಂಡು ಗರಗಸ ಕೆಳಗಿಟ್ಟ.

"ಮೊದಲ ಯಾಕ ಹೇಳಲಿಲ್ಲ?" ಏದುಸಿರು ಬಿಡುತ್ತಲೇ ಕೇಳಿದಳು.

"ಜರಡಿಯಾಂವ ಅಂದಿದ್ರ ಒಳಗ ಬಿಡ್ತಿದ್ರೇನು?"

"ಸುತ್ತಿಗಿ ಬಿಡ್ತಿದ್ದೆ!"

ಅವನು ನಕ್ಕ. ಆಮೇಲೆ ನಗು ಇಳಿಯಿತು. "ನನ್ನ ನವಣಿ ಜರಡಿ ಮೂರು ಸಲ ವಾಪಸ್ ಬಂದ್ವು. ಒಬ್ಬ ರೈತ ಬ್ಯಾರೇದು ತಂದು ತೋರಿಸಿದ. ಒಂದು ತೂತಾಗೂ ಕಾಳು ನಿಂತಿದ್ದಿಲ್ಲ. ಹೆಸರು ನೋಡಿದ್ರ... ತಿಕ್ಕಿ ಹಾಕಿದ್ರು! ಇಂಥಾ ಕೆಲಸ ಮಾಡಿದ ಕೈಯ ಹೆಸರು ತಿಕ್ಕತಾರಲ್ಲ ಅಂತ ಮೈ ಉರೀತು. ನಾಕು ತಿಂಗಳು ಹುಡುಕಿದೆ. ಮಾಡಿದವರನ್ನ ಬಳಗಕ್ಕ ಕರೀಬೇಕಂತ ಬಂದೆ. ನಿಮ್ಮನ್ನ ನೋಡಿದ ಮ್ಯಾಲೆ..."

"ಮ್ಯಾಲೆ?"

"ಬರೇ ಬಳಗಕ್ಕ ಕರದ್ರ ಸಾಲೂದಿಲ್ಲ ಅನಸ್ತು."

ಅವಳು ಮುಖ ಆ ಕಡೆ ತಿರುಗಿಸಿದಳು. ಕಿವಿಯೆಲ್ಲ ಕೆಂಪು!

"ಆ ಕುರ್ಚಿ ನಿಮ್ದು. ನಾ ಬಿಡ್ತೇನಿ," ಅಂದಳು.

"ಬ್ಯಾಡ್ರಿ. ಜರಡಿ ನಿಮ್ದ ಚಂದ."

"ಹಂಗಾದ್ರ ಚೌಕಟ್ಟು ನೀವು ಮಾಡ್ರಿ. ನಂದು ಬರೇ ತಗಡು. ಅದನ್ನ ಹಿಡಿಯೋ ಚೌಕಟ್ಟು ವಿರೂಪಾಕ್ಷಣ್ಣ ಎಲ್ಲಿಂದಲೋ ತರಸತಾನ, ಅದು ಸಡ್ಲ ಆಗತೈತಿ. ಚೌಕಟ್ಟು ಬ್ಯಾರೆ ಕಸುಬು. ಬ್ಯಾರೆ ಕುರ್ಚಿ."

ಬಾಳೇಶ ಅವಳನ್ನೇ ನೋಡಿದ. "ಒಂದು ಸಂಶಯ ಐತ್ರಿ."

"ಸಂಶಯ ನಂದು! ನಿಮಗೇನು?"

"ಒಂದ ಮನಿಯವರು ಇಬ್ಬರು ಬಳಗದಾಗ ಇರಬಹುದೇನು... ರೂಲ್ ಗೊತ್ತಿಲ್ಲ."

ಯಶೋಧಾ ಹತ್ತಿರ ಬಂದು, ಅವನ ಜೇಬಿನ ಫೋನು ತಾನೇ ತೆಗೆದು ಅವನ ಕೈಗಿಟ್ಟಳು.

"ಅನ್ನಪೂರ್ಣಕ್ಕಗ ಹಚ್ರಿ. ಕೇಳ್ರಿ."

"ಈಗನ?"

"ಈಗನ. ಸ್ಪೀಕರ್ ಇಡ್ರಿ, ನಾನೂ ಕೇಳಬೇಕು. ನನಗ ನಿಮ್ಮ ಮ್ಯಾಲೆ ಇನ್ನೂ ಪೂರ್ತಿ ನಂಬಿಕಿ ಬಂದಿಲ್ಲ!"

"ಯಾವಾಗ ಬರತೈತಿ?"

ಅವಳು ಮೊದಲ ಸಲ ಅವನ ಎದುರು ನಕ್ಕಳು.

"ಜೋಡಿಲೆ ಇದ್ದು ನೋಡ್ರಿ... ತಿಳೀತೈತಿ."