ಗುರುವಾರದ ಕಡೇ ಕಂತು

ರಾಗಿಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿದ ಕಲಾ ಹಾಗೇ ನಿಂತುಬಿಟ್ಟಳು. ಬೆರಳಿಗೆ ತಳ ಸಿಕ್ಕಿತು. ಬೆಳ್ಳಿ ಕಾಲ್ಚೈನು ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಸಿಕ್ಕಿತು. ಕಂತಿನ ಕಾಸು ಸಿಗಲಿಲ್ಲ.

ಹಿಟ್ಟನ್ನೆಲ್ಲ ಮೊರಕ್ಕೆ ಸುರಿದಳು. ಇಲ್ಲ. ಐನೂರರದೊಂದು, ನೂರರದೊಂದು, ಐವತ್ತರದೊಂದು — ಮೂರು ನೋಟೂ ಮಾಯ!

ಇನ್ನೇನು ಮಂಗಮ್ಮನ ಮನೆ ಜಗಲಿಯಲ್ಲಿ ಸಂಘ ಕೂಡುವ ಹೊತ್ತು. ಸೆಲ್ವರಾಜ್ ಪೇಂಟಿಂಗ್ ಕೆಲಸಕ್ಕೆ ಹತ್ತಿದ್ದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಸಂಘದ ಐದು ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತು ಫೈನಾನ್ಸ್ ಕಂಪನಿಯಿಂದ ತಂದ ಸಾಲ. ಎರಡು ವರ್ಷ, ವಾರ ತಪ್ಪದೆ ಕಟ್ಟಿದ್ದಾಯಿತು. ಇವತ್ತಿನದು ಕಡೇ ಕಂತು. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ, ರಾಕ್ಷಸನ ಕೋಟೆಯಲ್ಲಿ ಸಿಕ್ಕಿಬಿದ್ದ ರಾಜಕುಮಾರಿಗೆ ವಾರಕ್ಕೊಂದೇ ಬಾಗಿಲು ತೆರೆಯುತ್ತಿತ್ತು. ಪ್ರತಿ ಗುರುವಾರ ಕಾಸು ಕೊಟ್ಟು ಬರುವಾಗ ಕಲಾ ತಾನೂ ಒಂದು ಬಾಗಿಲು ದಾಟಿದೆ ಅಂದುಕೊಳ್ಳುತ್ತಿದ್ದಳು. ಇವತ್ತು ಹೆಬ್ಬಾಗಿಲು. ಅದರ ಬೀಗದ ಕೈಯನ್ನೇ ಯಾರೋ ಎಗರಿಸಿದ್ದರು.

ಬೆಂಗಳೂರಿನ ಆಫೀಸೊಂದರಲ್ಲಿ ಅವಳದು ನೆಲ ಒರೆಸುವ ಕೆಲಸ. ಗುರುವಾರ ಸಂಘ ಮುಗಿಯುವಷ್ಟರಲ್ಲಿ ಬೆಳಗಿನ ರೈಲು ಹೋಗಿಬಿಡುತ್ತಿತ್ತು. ಮುಂದಿನ ವಾರದಿಂದ ಗುರುವಾರ ರಜ ಹಾಕಿದರೆ ಬರುವುದೇ ಬೇಡವೆಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಸಾಲ ಇವತ್ತು ತೀರಬೇಕು. ತೀರದಿದ್ದರೆ ಕೆಲಸವೂ ಹೋಗುತ್ತದೆ.

"ನೀನೇನಾದ್ರೂ ತಗಂಡ್ಯಾ?" ಎಂದು ಗಂಡನನ್ನು ಕೇಳಿಯೇಬಿಟ್ಟಳು.

ಸೆಲ್ವರಾಜ್ ಪ್ಯಾಂಟಿನ ಎರಡೂ ಜೇಬನ್ನು ಹೊರಕ್ಕೆಳೆದು ತೋರಿಸಿದ. ಒಂದು ಬಸ್ ಟಿಕೆಟ್ ಬಿತ್ತು, ಅಷ್ಟೇ.

"ಬನೀನು ಒಂದೈತೆ. ಅದನ್ನೂ ಬಿಚ್ಲಾ?" ಅಂದವನು ಹೊಸ್ತಿಲಾಚೆ ಮೆಟ್ಟಿಲ ಮೇಲೆ ಹೋಗಿ ಕೂತ. ಜೇಬುಗಳು ಹಾಗೇ ಜೋತಾಡುತ್ತಿದ್ದವು.

ಸದ್ದು ಕೇಳಿ ಪಕ್ಕದ ಮನೆಯ ಮುತ್ಯಾಲಮ್ಮ ಬಂದಳು. ಹೋಮ್ ಗಾರ್ಡ್ ಆಗಿ ಠಾಣೆಯಲ್ಲಿ ವರ್ಷಗಟ್ಟಲೆ ದುಡಿದವಳು. ಪಿಂಚಣಿ ಬರಲಿಲ್ಲ, ಪೊಲೀಸ್ ಬುದ್ಧಿ ಮಾತ್ರ ಉಳಿದುಕೊಂಡಿತು. ನಂದಿದುರ್ಗ ಗಣಿಯ ಸಾಲುಮನೆಗಳ ಈ ಲೈನಿನಲ್ಲಿ ಕೋಳಿ ಕಳೆದರೂ ಅವಳ ಹತ್ತಿರವೇ ದೂರು. ಸಂಘದ ಐದು ಜನರಲ್ಲಿ ಅವಳೂ ಒಬ್ಬಳು.

ಮೊರದ ಹಿಟ್ಟು, ಡಬ್ಬದ ಮುಚ್ಚಳ, ಮೆಟ್ಟಿಲ ಮೇಲಿನ ಗಂಡ — ಮೂರನ್ನೂ ನೋಡಿ, ಯಾವಾಗ ಕಂಡದ್ದು ಕೊನೆಗೆ ಎಂದು ಕೇಳಿದಳು. ರಾತ್ರಿ ಮಲಗುವ ಮುಂಚೆ ತಾನೇ ಇಟ್ಟದ್ದೆಂದಳು ಕಲಾ.

"ಬೆಳಿಗ್ಗೆ ನೀರು ಬಿಟ್ಟಾಗ?"

"ಬಾಗ್ಲು ಮುಂದಕ್ ಎಳ್ಕೊಂಡು ಓಗಿದ್ದೆ ಅಕ್ಕ. ಇವ್ರು ಮಲಗಿದ್ರು."

"ನಲ್ಲಿ ಹತ್ರ ಯಾರ್‍ಯಾರಿದ್ರು?"

"ಎಲ್ಲಾರೂ. ನಮ್ಮ ಐದು ಜನದ ಕೊಡಾನೂ ಸಾಲಲ್ಲಿತ್ತು."

"ಡಬ್ಬದಾಗೆ ಕಾಸಿಡೋದು ಯಾರಿಗ್ ಗೊತ್ತು?"

ಕಲಾ ಯೋಚಿಸಿದಳು. ಸಂಘಕ್ಕೆ ಕರೆಯಲು ಬಂದವರ ಎದುರಿಗೇ ಅಲ್ಲವೇ ಪ್ರತಿ ವಾರ ಹಿಟ್ಟು ಒದರಿ ನೋಟು ತೆಗೆಯುತ್ತಿದ್ದದ್ದು? ಯಾರಿಗೆ ಗೊತ್ತಿಲ್ಲ?

"ಬೆಳ್ಳಿ ಬಿಟ್ಟೋಗೋ ಕಳ್ಳನ್ನ ನಾನ್ ನೋಡಿಲ್ಲ ಕಣಮ್ಮಿ," ಎಂದಳು ಮುತ್ಯಾಲಮ್ಮ. "ಇಲ್ಲಿಗ್ ಬಂದೋರಿಗೆ ದುಡ್ಡು ಬೇಕಿರ್ಲಿಲ್ಲ. ನೀನು ಇವತ್ತು ಕಂತು ಕಟ್ಟಬಾರದಿತ್ತು."

"ನಾನು ಕಟ್ಟದಿದ್ರೆ ಯಾರಿಗೇನು ಲಾಭ?"

"ಅದೇ ತಿಳೀತಿಲ್ಲ. ನೋಟಿಗೇನಾದ್ರೂ ಗುರುತೈತಾ?"

ಕಲಾಗೆ ನಾಚಿಕೆಯಾಯಿತು. ಐನೂರರ ನೋಟಿನ ಮೂಲೆಗಳಿಗೆ ಅರಿಶಿನ ಹಚ್ಚಿದ್ದಳು. ಸಾಲದ ಕಡೇ ಕಾಸಿಗೆ ಅರಿಶಿನ ಹಚ್ಚಿ ಕಳಿಸಿದರೆ ಆ ಸಾಲ ತಿರುಗಿ ಮನೆ ಹೊಗುವುದಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ದೇವರ ಫೋಟೋ ಬಿಟ್ಟರೆ ನೋಡಿದವರಿಲ್ಲ.

"ಆ ಮಾತು ಬಾಯಿಂದಾಚೆ ಬರಬಾರದು," ಅಂದಳು ಮುತ್ಯಾಲಮ್ಮ. "ನಡಿ, ಸಂಘಕ್ಕೆ."

*

ಬಂಗಾರಪೇಟೆಯಿಂದ ಬೈಕಿನಲ್ಲಿ ಬಂದ ಗೋಪಿ ಕುರ್ಚಿಯಲ್ಲಿ ಕೂತಿದ್ದ. ಕಂಪನಿಯ ವಸೂಲಿಯವನು, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ಹುಡುಗ. ಹೆಂಗಸರು ಚಾಪೆ ಮೇಲೆ. ಐದೂ ಕಂತು ಬರುವ ತನಕ ಒಬ್ಬಳೂ ಏಳುವಂತಿಲ್ಲ. ಅದು ಸಂಘದ ಕಟ್ಟಳೆ. ಕಾಸೆಲ್ಲ ಒಟ್ಟು ಮಾಡಿ ಎಣಿಸಿ ಕೊಡುವ ಕೆಲಸ ಮುತ್ಯಾಲಮ್ಮನದು.

"ಕಲಾ?"

ಕಲಾ ತಲೆ ಬಗ್ಗಿಸಿದಳು. ಕಳವಾಯಿತು ಎಂದಳು. ಗೋಪಿ ಉಸಿರು ಬಿಟ್ಟು, ಕಾಯೋಣ ಅಂದ. ತನ್ನನ್ನೂ ಬ್ರಾಂಚಿನಲ್ಲಿ ಕೂರಿಸುತ್ತಾರೆ, ಬರಿಗೈಯಲ್ಲಿ ಹೋಗುವಂತಿಲ್ಲ ಎಂದ.

ಬಿಸಿಲು ಜಗಲಿಗೆ ಏರತೊಡಗಿತು. ಹೊಲದ ಕೂಲಿಗೆ ಕಾಮಸಮುದ್ರದ ಬಸ್ಸು ಹಿಡಿಯಬೇಕಿದ್ದವಳು ಗೊಣಗಿದಳು. ಅವಳ ಪಕ್ಕದವಳು, ಯಾರ ಮುಖವನ್ನೂ ನೋಡದೆ, "ಗಂಡನ್ ಕಾಲು ಸರ್‍ಯಾಯ್ತಲ್ಲ, ಈಗ ಕೈಯೂ ಚೆನ್ನಾಗ್ ಓಡ್ತೈತೆ ಬಿಡು," ಎಂದಳು. ಕಲಾ ಎಡಕ್ಕೆ ನೋಡಿದರೂ ಮೊಣಕಾಲು, ಬಲಕ್ಕೆ ನೋಡಿದರೂ ಮೊಣಕಾಲು. ಎದ್ದು ಓಡಬೇಕೆಂದರೂ ಕಾಲಿಡಲು ಜಾಗವಿರಲಿಲ್ಲ.

ಆಗ ಮಂಗಮ್ಮ ಸೊಂಟದ ಚೀಲ ಬಿಚ್ಚಿದಳು. ಮಾರಿಯಮ್ಮನ ಗುಡಿ ಮುಂದೆ ಹೂವು, ನಿಂಬೆಹಣ್ಣು, ಕುಂಕುಮ ಮಾರುವವಳು; ಸಂಘದ ಲೀಡರು.

"ನಾನ್ ಕಟ್ತೀನಿ ಸಾರ್. ನಮ್ಮುಡುಗಿ ಮಾನ ಓಗಬಾರದು."

ನೋಟುಗಳು ಮುತ್ಯಾಲಮ್ಮನ ಕೈಗೆ ಬಂದವು. ಐನೂರರದರ ಮೂಲೆಯಲ್ಲಿ ಕೆಂಪು ಕಲೆ. ಮಂಗಮ್ಮನ ಕಾಸಿಗೆ ಯಾವಾಗಲೂ ಕುಂಕುಮ. ಯಾರೂ ಎರಡನೇ ಸಲ ನೋಡಲಿಲ್ಲ. ಕಲಾಳ ಕಣ್ಣು ತುಂಬಿ ಬಂತು.

"ಅಳಬ್ಯಾಡ ಕಣೇ. ನನಗ್ ನೀನು ವಾಪಸ್ಸೇನೂ ಕೊಡಬ್ಯಾಡ," ಎಂದಳು ಮಂಗಮ್ಮ. "ಹೊಸ ಸಾಲಕ್ಕೆ ಇನ್ನೊಂದ್ ಸಲ ನಮ್ ಜೊತೆ ನಿಂತ್ಕೋ. ಐದು ಜನ ಇಲ್ದಿದ್ರೆ ಕಂಪನಿ ಕೊಡಲ್ಲ. ಅಷ್ಟೇ ನಾನ್ ಕೇಳೋದು."

ಮತ್ತೆ ಎರಡು ವರ್ಷ. ಕಲಾ ಕಣ್ಣು ಮುಚ್ಚಿದಳು. ದಾಟಿ ಬಂದ ಬಾಗಿಲುಗಳೆಲ್ಲ ಹಿಂದಿನಿಂದ ಒಂದೊಂದಾಗಿ ಮುಚ್ಚಿಕೊಂಡವು. ಎಲ್ಲರೆದುರು ಮಾನ ಉಳಿಸಿದವಳಿಗೆ ಆಗುವುದಿಲ್ಲ ಅನ್ನುವುದು ಹೇಗೆ? ಗೋಪಿ ಬೆರಳಚ್ಚಿನ ಮಿಷನ್ನು ಮುಂದಕ್ಕೆ ತಳ್ಳಿದ. ಅವಳು ಹೆಬ್ಬೆಟ್ಟು ಚಾಚಿದಳು.

"ತಡಿಯೇ!"

ಮುತ್ಯಾಲಮ್ಮ ಐನೂರರ ನೋಟನ್ನು ಇನ್ನೂ ಕೊಟ್ಟಿರಲಿಲ್ಲ. ಅದರ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು.

"ಮಂಗಮ್ಮ, ನಿನ್ ಬುಟ್ಟೀಲಿ ಒಂದು ನಿಂಬೆಹಣ್ಣು ಕೊಡು."

"ಈಗ್ಯಾಕೆ?"

"ಕೊಡು, ಕಾಸು ಕೊಡ್ತೀನಿ."

ಹಣ್ಣನ್ನು ಹಲ್ಲಿನಿಂದಲೇ ಕಚ್ಚಿ, ಕೆಂಪು ಕಲೆಯ ಮೇಲೆ ಎರಡು ಹನಿ ಹಿಂಡಿದಳು. ಎಲ್ಲರೂ ಬಗ್ಗಿ ನೋಡಿದರು. ನೋಡುತ್ತಿದ್ದಂತೆ ಕೆಂಪು ಕರಗಿತು. ಅಲ್ಲಿ ಹಳದಿ ಎದ್ದಿತು.

"ಕುಂಕುಮ ಆಗಿದ್ರೆ ಬೆರಳಿಗಂಟ್ತಿತ್ತು. ನೀನ್ ಮಾರೋ ಬಣ್ಣದ ಕುಂಕುಮಕ್ಕೆ ಹುಳಿ ಬಿದ್ರೆ ಹಳದಿ ಆಗ್ತಿರ್ಲಿಲ್ಲ," ಎಂದಳು ಮುತ್ಯಾಲಮ್ಮ, ಸಾವಕಾಶವಾಗಿ. "ಅರಿಶಿನದ ಸೀರೆಗೆ ಸೋಪು ತಿಕ್ಕಿದ್ರೆ ಕೆಂಪಾಗೋದು ನಮಗ್ಯಾರಿಗ್ ಗೊತ್ತಿಲ್ಲ? ನೋಟು ಇನ್ನೂ ತಣ್ಣಗೈತೆ. ಬಟ್ಟೆ ಸೋಪಿನ ವಾಸ್ನೆ ಬತ್ತೈತೆ. ಕಲಾ, ನಿನ್ನೆ ನೋಟಿಗೇನ್ ಹಚ್ಚಿದ್ದೆ?"

"ಅರಿಶಿನ," ಎಂದಳು ಕಲಾ.

"ನಾನ್ ನಲ್ಲಿ ಹತ್ರ ಇದ್ದೆ," ಎಂದಳು ಮಂಗಮ್ಮ. "ನನ್ ಕೊಡ ಸಾಲಲ್ಲಿತ್ತಲ್ಲ—"

"ಕೊಡ ಇತ್ತು. ನಿನ್ನ ಯಾರ್ ನೋಡಿದ್ರು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೈನಿನಲ್ಲಿ ಕೊಡ ನಿಂತರೆ ಮನುಷ್ಯರೇ ನಿಂತ ಲೆಕ್ಕ. ಯಾರೂ ಮುಖ ಹುಡುಕುವುದಿಲ್ಲ.

"ಕೊಡ ಬಿಟ್ಟು ನೀನು ಇವಳ ಮನೆ ಹೊಕ್ಕೆ. ಹಳದಿ ಕಂಡು ಗುರುತು ಸಿಕ್ತದೆ ಅಂತ ತೊಳೆದೆ. ಕೆಂಪಾದಾಗ ಖುಷಿಯಾಗಿರ್ಬೇಕು ನಿಂಗೆ. ನಿನ್ ಕಾಸು ಯಾವಾಗ್ಲೂ ಕೆಂಪೇ ಅಲ್ವಾ? ಬೇರೆ ನೋಟು ಕೊಟ್ಟಿದ್ರೆ ನಾನೂ ಮೋಸ ಓಗ್ತಿದ್ದೆ."

"ಬೇರೆ ನೋಟು ಎಲ್ಲಿತ್ತಕ್ಕ," ಎಂದಳು ಮಂಗಮ್ಮ.

ಅವಳು ಅಳಲಿಲ್ಲ. ಬುಟ್ಟಿಯ ಹೂವಿನ ಮೇಲೆ ಒದ್ದೆ ಬಟ್ಟೆ ಸರಿಮಾಡಿದಳು. ಶುಕ್ರವಾರ ಇನ್ನೊಂದು ಕಂಪನಿಯ ಕಂತು, ಶನಿವಾರ ಮತ್ತೊಂದರದು. ಹೊಸ ಸಾಲ ಬಂದರೆ ಹಳೆಯವರ ಬಾಯಿ ಮುಚ್ಚಿಸಬಹುದಿತ್ತು ಎಂದಳು. ಮೂರು ವಾರದಿಂದ ಕಲಾಳನ್ನು ಬೇಡಿಕೊಳ್ಳುತ್ತಿದ್ದಳು. ಅವಳು ಒಪ್ಪಿರಲಿಲ್ಲ.

"ನಿನ್ ಕಾಸು ತಿನ್ನೋಕಲ್ಲ ಕಣೇ. ನೋಡು, ಕಂಪನಿಗೇ ಕಟ್ಟಿದ್ದೀನಿ."

"ಕಾಸು ಕದ್ದಿದ್ರೆ ತಿರುಗಿ ಕೊಡಬಹುದಿತ್ತು," ಎಂದಳು ಮುತ್ಯಾಲಮ್ಮ. "ಅವಳ ದುಡ್ಡಲ್ಲೇ ಅವಳನ್ನ ನಿನ್ನ ಋಣಕ್ಕೆ ಹಾಕ್ಕೋತಿದ್ಯಲ್ಲ, ಅದನ್ನ ಯಾವ ಠಾಣೇಲಿ ಬರಕೊಳ್ತಾರೆ?"

ನೋಟನ್ನು ಸೆರಗಿನಲ್ಲಿ ಒರೆಸಿ ಗೋಪಿಗೆ ಚಾಚಿದಳು.

"ಕಾಸು ಕಲಾದು. ಅವಳ ಸಾಲ ಮುಗೀತು ಅಂತ ಹಾಕ್ಕೊಳ್ಳಿ ಸಾರ್."

ಗೋಪಿ ಮೊಬೈಲು ಒತ್ತಿದ. ಮುಗೀತು ಎಂದ. ನಾಲ್ಕು ಜನಕ್ಕೆ ಹೊಸ ಸಾಲ ಬರಲ್ಲ, ಗೊತ್ತಲ್ವಾ ಎಂದೂ ಕೇಳಿದ.

"ಗೊತ್ತು." ಮುತ್ಯಾಲಮ್ಮನ ಮನೆ ಮಾಡಿನ ಶೀಟು ಹೋದ ತಿಂಗಳ ಗಾಳಿಗೆ ಹಾರಿಹೋಗಿತ್ತು, ಆ ಸಾಲವನ್ನು ನಂಬಿಕೊಂಡೇ ಅವಳೂ ಇದ್ದದ್ದು. "ಮಳೆ ಬಂದ್ರೆ ಕೊಡೆ ಹಿಡ್ಕೊಂಡ್ ಮಲಗ್ತೀನಿ, ಬಿಡಿ."

ಕಲಾ ಏಳಲಿಲ್ಲ. ಸಾರ್ ಏಳಿ ಅನ್ನುವ ತನಕ ಕೂತು ಕೂತು ರೂಢಿಯಾದ ಕಾಲುಗಳು ಮಾತು ಕೇಳಲಿಲ್ಲ. ನಾಲ್ವರೂ ಅವಳನ್ನೇ ನೋಡುತ್ತಿದ್ದರು. ಮಂಗಮ್ಮನ ಮೇಲೆ ಬಯ್ಗುಳ ಹುಡುಕಿದಳು; ಒಂದೂ ಸಿಗಲಿಲ್ಲ. ಕೋಟೆಯಲ್ಲಿ ಉಳಿದವರ ಕಥೆ ಅಜ್ಜಿ ಹೇಳಿರಲಿಲ್ಲ.

ಕೊನೆಗೆ ಮಂಗಮ್ಮನೇ ಮೊಣಕಾಲು ಮಡಚಿ ದಾರಿ ಬಿಟ್ಟಳು.

"ಏಳೇ. ನಿಂದ್ ಮುಗೀತಲ್ಲ."

ಕಲಾ ಎದ್ದಳು. ಲೈನಿನ ತುದಿಯವರೆಗೆ ಹಿಂದಿರುಗಿ ನೋಡಲಿಲ್ಲ. ಕೋರಮಂಡಲ್ ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿಸಿತು. ಇವತ್ತಿನದು ತಪ್ಪಿತು, ಇನ್ನು ತಪ್ಪುವುದಿಲ್ಲ. ಮನೆಯ ಮೆಟ್ಟಿಲ ಮೇಲೆ ಸೆಲ್ವರಾಜ್ ಹಾಗೇ ಕೂತಿದ್ದ, ಎರಡೂ ಜೇಬು ಹೊರಗೆ ಜೋತುಬಿದ್ದು.

ಅವಳು ಅವನ ಪಕ್ಕ ಕೂತಳು. ಒಂದು ಜೇಬನ್ನು ಒಳಕ್ಕೆ ತಳ್ಳಿದಳು. ಆಮೇಲೆ ಇನ್ನೊಂದನ್ನು.