ಪ್ಲೈಮತ್ ಕಾರಿನ ಎಡಗಡೆ ಸೀಟು

“ರುದ್ರು, ಇದು ಮೂರನೇ ಸಲ ಹೇಳಾಕತ್ತೇನಿ. ಆ ಸೀಟಿನ್ಯಾಗ ಕುಂದರಬ್ಯಾಡ.”

ಹೇಳಿದವನು ಬಸವೇಶ. ಗೋದಾಮಿನ ಮಾಲೀಕ ಅವನೇ ಆದರೂ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಹೊರಗೆ ಹಿರೇಕೆರೂರಿನ ಸಂತೆಯ ಗದ್ದಲ, ಕಣ್ಣು ಕುಕ್ಕುವ ಬಿಸಿಲು. ಒಳಗೆ ಹಾಡಹಗಲೇ ಕತ್ತಲು. ಹಳೆಯ ಹತ್ತಿಯ ಧೂಳು, ಮುಗ್ಗಿದ ಗೋಣಿ, ಇಲಿಗಳ ಗಬ್ಬು. ಇವುಗಳ ನಡುವೆ ಸಂಬಂಧವೇ ಇಲ್ಲದ ಇನ್ನೊಂದು ವಾಸನೆಯಿತ್ತು. ಯಾರೋ ಹೆಂಗಸು ಈಗಷ್ಟೇ ಮುಖಕ್ಕೆ ಪೌಡರು ಹಚ್ಚಿಕೊಂಡು ಎದ್ದುಹೋದ ಹಾಗೆ.

ರುದ್ರೇಶ ಟಾರ್ಪಾಲು ಸೆಳೆದ. ಐವತ್ತಾರನೇ ಇಸವಿಯ ಪ್ಲೈಮತ್ ಕಾರು. ಕೆಳಗೆ ಕೆನೆಯ ಬಣ್ಣ, ಮೇಲೆ ತಿಳಿ ಹಸಿರು. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದ ಎರಡು ಅಂಚು. ಸ್ಟೇರಿಂಗು ಎಡಗಡೆ. ಅವನು ಬಾನೆಟ್ಟಿನ ಧೂಳನ್ನು ಅಂಗೈಯಿಂದ ಸವರಿದ.

“ಕುಂತ್ರ ಏನಾಕ್ಕೈತಿ?”

“ಹಾನಗಲ್ ಕಡೀ ಮಾಟ ಐತಿ ಅದಕ.”

“ಅಮೆರಿಕದ ಗಾಡಿಗೆ ಹಾನಗಲ್ ಕಡೀ ಮಾಟ ನಾಟತೈತೇನಲೇ? ಅದಕ ಕನ್ನಡರೆ ತಿಳೀತೈತೇನು?” ರುದ್ರೇಶ ಗಹಗಹಿಸಿ ನಕ್ಕ. “ಫೋನಿನ್ಯಾಗ ಹೇಳಿದಿ, ನಕ್ಕೆ. ಊಟದಾಗ ಹೇಳಿದಿ, ನಕ್ಕೆ. ಈಗೂ ನಗ್ತೇನಿ, ನೋಡು.”

ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕೂತ. ಸ್ಪ್ರಿಂಗು ನರಳಿತು. ಬೇಸಿಗೆಯ ಆ ಮಧ್ಯಾಹ್ನದಲ್ಲಿ ಸ್ಟೇರಿಂಗು ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಹೊಸ್ತಿಲಲ್ಲಿ ನಿಂತ ಬಸವೇಶ ದೀರ್ಘವಾಗಿ ಉಸಿರು ಬಿಟ್ಟ. ಅದು ಬೇಸರದ ಉಸಿರೆಂದು ರುದ್ರೇಶ ತಿಳಿದ.

ರುದ್ರೇಶ ಈ ಸೀಮೆಗೆ ಹೊಸಬ. ಗದಗಿನಲ್ಲಿ ಹದಿನೈದು ವರ್ಷ ಖಾನಾವಳಿ ನಡೆಸಿದವನು. ಮದುವೆಯ ಮಾತು ಮುಂದೆ ಹಾಕುತ್ತಲೇ ನಲವತ್ತು ದಾಟಿತ್ತು. ಮನೆಯಲ್ಲಿದ್ದವರು ಅವನು ಮತ್ತು ತಾಯಿ ಸರೋಜವ್ವ. ಅವನಿಗೊಂದು ವಿಚಿತ್ರ ಹಂಬಲ. ತಾನು ಹುಟ್ಟುವ ಮೊದಲೇ ಮುಗಿದುಹೋದ ಒಂದು ಕಾಲಕ್ಕಾಗಿ, ಎಂದೂ ಕಾಲಿಡದ ಒಂದು ದೇಶಕ್ಕಾಗಿ ಅವನ ಜೀವ ಎಳೆಯುತ್ತಿತ್ತು. ಐವತ್ತರ ದಶಕದ ಅಮೆರಿಕ. ಬಿಳಿ ಅಂಚಿನ ಟೈರುಗಳು, ಮೆಟ್ಟಿಲ ಮೇಲೆ ಬೆಳಗಿನ ಹಾಲಿನ ಬಾಟಲಿ, ಕಾರಿನಲ್ಲಿ ಕೂತೇ ಸಿನಿಮಾ ನೋಡುವ ಬಯಲು. ಈ ಹುಚ್ಚಿಗೆ ಎಣ್ಣೆ ಎರೆದವನು ಬಸವೇಶ. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವನು. ಮೂರು ವರ್ಷಗಳಿಂದ ಎಲ್ಲೆಲ್ಲಿಯ ರದ್ದಿ ಅಂಗಡಿಗಳಿಂದಲೋ ಆ ಕಾಲದ ಅಮೆರಿಕದ ಪತ್ರಿಕೆಗಳನ್ನು ಹುಡುಕಿ, ಕಟ್ಟು ಕಟ್ಟಿ ಕಳಿಸುತ್ತಿದ್ದ. ಶಿಗ್ಗಾಂವದ ಹತ್ತಿರ ಹೆದ್ದಾರಿಗೆ ಹೊಂದಿದ ಜಾಗ ತೋರಿಸಿದವನೂ ಅವನೇ.

ಅಲ್ಲಿ ಹೋಟೆಲು ಎದ್ದಿತ್ತು. ಚದುರಂಗದ ಹಾಸಿನಂಥ ನೆಲ, ಗುಂಡನೆಯ ಕೆಂಪು ಸ್ಟೂಲುಗಳು, ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ. ಮುಂದಿನ ಕಟ್ಟೆಯಲ್ಲಿ ಮಿಲ್ಕ್ ಶೇಕು, ಹಿಂದಿನ ಒಲೆಯಲ್ಲಿ ಸರೋಜವ್ವನ ರೊಟ್ಟಿ. ಬಾಗಿಲ ಮುಂದೆ ನಿಲ್ಲಿಸಲು ಒಂದು ಕಾರು ಮಾತ್ರ ಬಾಕಿಯಿತ್ತು.

ಬಸವೇಶನಿಂದ ಕೊಂಡು ಹೋಟೆಲಿನ ಮುಂದೆ ತಂದು ನಿಲ್ಲಿಸಿದ ಆ ಕಾರಿಗೆ ಜೀವ ಕೊಟ್ಟವನು ಸವಣೂರಿನ ಮೇಸ್ತ್ರಿ ಮಜೀದ. ಎಂಜಿನ್ನು ಬಿಚ್ಚಿ ಕಟ್ಟಿದ, ರೇಡಿಯೇಟರು ಬೆಸೆದ, ಆದರೆ ಒಮ್ಮೆಯೂ ಸ್ಟೇರಿಂಗಿನ ಮುಂದೆ ಕೂರಲಿಲ್ಲ. ಹೊರಗೆ ನಿಂತೇ ಕೈ ಚಾಚಿ ಚಾವಿ ತಿರುವುತ್ತಿದ್ದ.

“ಯಾಕೋ ಮಜೀದ, ಹೊಸಾ ಮದುಮಗನಂಗ ನಾಚಾಕತ್ತಿ?”

“ಎಂಜಿನ್ ನಂದು, ಸೀಟು ನಿಮ್ಮದು ಸಾಹೇಬ್ರ. ಇಷ್ಟರಾಗ ಬಿಟ್ಟುಬಿಡ್ರಿ,” ಎಂದು ಮಜೀದ ಅಂಗೈ ಮುಂದೆ ಮಾಡಿದ. “ಸೀಟಿನ ಹೊಟ್ಟ್ಯಾಗ ಇದು ಸಿಕ್ತು.”

ಕೆಂಪು ಅರಿವೆಯ ಗಂಟು. ಒಳಗೆ ಅರಿಸಿನ ಮೆತ್ತಿದ ಹತ್ತಿ, ಏಳು ಮೊಳೆ, ಅವಕ್ಕೆ ಸುತ್ತಿದ ಉದ್ದನೆಯ ಕೂದಲು. ಒಣಹುಲ್ಲಿನ ಬಣ್ಣದ ಕೂದಲು. ರುದ್ರೇಶ ಅದನ್ನು ತಾಯಿಯ ಒಲೆಗೆ ಎಸೆದ. ಅರಿವೆ ಉರಿಯಿತು, ಹತ್ತಿ ಉರಿಯಿತು, ಮೊಳೆಗಳು ಕೆಂಡವಾದವು. ಕೂದಲು ಉರಿಯಲಿಲ್ಲ. ಕೆಂಡದ ಮೇಲೆ ಹಾಗೇ ಮಲಗಿತ್ತು, ಹೊಳೆಯುತ್ತ. ಸರೋಜವ್ವ ಹಣೆಯ ವಿಭೂತಿ ಮುಟ್ಟಿಕೊಂಡು ಹಿಂದೆ ಸರಿದಳು.

ಪ್ರತಿದಿನ ಇಳಿಹೊತ್ತಿಗೆ ರುದ್ರೇಶ ಕಾರಿನೊಳಗೆ ಕೂರತೊಡಗಿದ. ಮೊದಲು ಐದು ನಿಮಿಷ. ಆಮೇಲೆ ಅರ್ಧ ತಾಸು. ಆಮೇಲೆ ದೀಪ ಹಚ್ಚುವವರೆಗೂ. ತಂತಿಯೇ ಇಲ್ಲದ ರೇಡಿಯೋದಿಂದ ಸಣ್ಣಗೆ ವಾದ್ಯ ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ಒಂದು ಬೀದಿ. ಎರಡೂ ಕಡೆ ಬಿಳಿಯ ಬೇಲಿ, ಕತ್ತರಿಸಿದ ಹುಲ್ಲಿನ ಹಸಿ ವಾಸನೆ. ಅಡಿಗೆಮನೆಯಲ್ಲಿ ಗುಂಯ್ಯೆನ್ನುವ ಫ್ರಿಜ್ಜು, ಕಿಟಕಿಯಲ್ಲಿ ಆರಲು ಇಟ್ಟ ಸೇಬಿನ ಕಡುಬು. ಇದು ಕನಸಿನ ಹಾಗಿರಲಿಲ್ಲ, ನೆನಪಿನ ಹಾಗಿತ್ತು. ಆ ಅಡಿಗೆಮನೆಯ ಯಾವ ಖಾನೆಯಲ್ಲಿ ಚಮಚಗಳಿವೆಯೆಂದು ಅವನಿಗೆ ಗೊತ್ತಿತ್ತು. ಆ ಬಾಗಿಲಲ್ಲಿ ನಿಂತು ತಾನು ಯಾರನ್ನೋ ಕಾಯುತ್ತಿದ್ದೇನೆ ಎನ್ನುವುದೂ ಗೊತ್ತಿತ್ತು. ಯಾರನ್ನು ಎಂಬುದೊಂದು ಮಾತ್ರ ಹೊಳೆಯುತ್ತಿರಲಿಲ್ಲ.

ಆ ನೆನಪುಗಳು ಬಂದು ಕೂರಲು ಜಾಗ ಬೇಕಿತ್ತು. ಗದಗಿನ ಮನೆಯ ಅಂಗಳದ ನೆನಪು ಹೋಯಿತು. ಲಿಂಗಪೂಜೆಯ ಮಂತ್ರ ನಡುವೆಯೇ ನಿಂತಿತು. ಒಂದು ಬೆಳಗ್ಗೆ ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ತೋರಿಸಿ ಕೇಳಿದ.

“ಇವರು ಯಾರವ್ವಾ?”

ಸರೋಜವ್ವನ ಕೈಯ ಚರಿಗೆ ಜಾರಿತು. “ನಿಮ್ಮಪ್ಪನೋ, ರುದ್ರಾ!”

ಅವನು ನೋಡಿದ. ದಪ್ಪ ಮೀಸೆ. ಬಿಳಿ ರುಮಾಲು. ಅಪರಿಚಿತ. ಪೂರ್ತಿ ಅಪರಿಚಿತ. ಅಂದು ಕಾರಿನ ಕಡೆ ತಲೆ ಹಾಕುವುದಿಲ್ಲವೆಂದು ಆಣೆ ಮಾಡಿದ. ಇಳಿಹೊತ್ತಾಯಿತು. ಕಾಲು ನಡೆದವು. ಬೇಡವೆಂದ. ನಡೆದವು. ಕೈ ಬಾಗಿಲು ತೆಗೆಯಿತು.

ಬಸವೇಶ ಫೋನು ಎತ್ತುತ್ತಿರಲಿಲ್ಲ. ಸುದ್ದಿ ತಂದವನು ಮಜೀದ. ದೂರ ನಿಂತು ಸರೋಜವ್ವನಿಗೆ ಹೇಳಿದ.

“ಅವ್ವಾರ, ಬಸವೇಶಣ್ಣಾರ ಅಪ್ಪ ಫಕ್ಕೀರಪ್ಪನಾರು ಮೂರು ವರ್ಷ ಮಂದಿ ಗುರ್ತ ಹಿಡಿತಿದ್ದಿಲ್ಲರಿ. ಈಗ ಆರಾಮ ಆಗ್ಯಾರ. ಗಾಡ್ಯಾಗ ಸಾಹೇಬ್ರು ಕುಂತ ದಿನಾನ.”

ಮರುದಿನ ತಾಯಿ ಮಗ ಬಸ್ಸು ಹತ್ತಿ, ಹಾವೇರಿಯಲ್ಲಿ ಬದಲಿಸಿ ಹಿರೇಕೆರೂರಿಗೆ ಹೋದರು. ಬಸವೇಶನ ಮನೆಯ ಬಾಗಿಲು ಅರ್ಧ ತೆರೆಯಿತು. ಸಂದಿಯಲ್ಲಿ ಪಡಸಾಲೆ ಕಂಡಿತು. ಫಕ್ಕೀರಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲೆ ಮಡಚುತ್ತಿದ್ದರು.

“ನಿಮ್ಮಪ್ಪಗ ವಯಸ್ಸಿನ ಮರುವು ಅಂದಿದ್ದಿ,” ಎಂದ ರುದ್ರೇಶ.

“ಖರೇ ಹೇಳಿದ್ರ ನೀ ನಗ್ತಿದ್ದಿಲ್ಲಲಾ.”

ಬಸವೇಶ ಕಣ್ಣೆತ್ತಲಿಲ್ಲ. ಹೇಳಿದ್ದೆಲ್ಲ ನೆಲಕ್ಕೆ ಹೇಳಿದ. ಐವತ್ತೆಂಟನೇ ಇಸವಿಯಲ್ಲಿ ಹತ್ತಿಬೀಜದ ಕೆಲಸಕ್ಕೆ ಅಮೆರಿಕದ ಒಬ್ಬ ಸಾಹೇಬ ಇಲ್ಲಿಗೆ ಬಂದಿದ್ದ, ಹೆಂಡತಿಯ ಸಮೇತ. ಆಕೆ ತನ್ನ ಸಣ್ಣ ಮಗನನ್ನು ಆ ದೇಶದಲ್ಲೇ ಬಿಟ್ಟು ಬಂದವಳು. ಅನ್ನ ನೀರು ಬಿಟ್ಟು, ಮನೆಯ ಮುಂದೆ ನಿಲ್ಲಿಸಿದ ಕಾರಿನಲ್ಲಿ ಕೂತು, ಇಡೀ ದಿನ ರಸ್ತೆ ನೋಡುತ್ತಿದ್ದಳು. ಹಾನಗಲ್ ಕಡೆಯ ಒಬ್ಬ ಮಾಟಗಾರ ಆಕೆಯ ಹಂಬಲವನ್ನೆಲ್ಲ ಇಳಿ ತೆಗೆದು ಆ ಸೀಟಿಗೆ ಕಟ್ಟಿದ. ಆಕೆ ಎದ್ದಳು, ಉಂಡಳು, ನಕ್ಕಳು. ಮಗನ ಹೆಸರು ಹೇಳಿದರೆ ಯಾರು ಎಂದಳು.

“ಕಟ್ಟಿದ್ದು ಸುಮ್ಮನ ಇರೂದಿಲ್ಲ. ಅದಕೊಂದು ಜೀವ ಬೇಕು,” ಎಂದ ಬಸವೇಶ. “ಸಾಹೇಬ ನಮ್ಮಜ್ಜಗ ಗಾಡಿ ಕೊಟ್ಟ. ಅಜ್ಜ ಅದರಾಗ ಕುಂತು, ಎಲ್ಲಾ ಮರತು, ಹಂಗ ಸತ್ತ. ಮೂರು ವರ್ಷದ ಹಿಂದ ಅಪ್ಪ ನಮ್ಮಜ್ಜಿ ಮಾತಿಗೆ ನಕ್ಕು ಹೋಗಿ ಕುಂತ.”

“ಒಬ್ಬರಿಂದ ಒಬ್ಬರಿಗೆ ಅದು ಹೋಗೂದು ಹ್ಯಾಂಗ?” ಸರೋಜವ್ವ ಕೇಳಿದಳು. ಅವಳು ಬಾಯಿ ತೆರೆದದ್ದು ಅದೇ ಮೊದಲು.

“ಬ್ಯಾಡ ಅಂತ ಮೂರು ಸಲ ಹೇಳಬೇಕ್ರಿ. ಕೇಳಿದವರು ಮೂರೂ ಸಲ ಮನಸಾರೆ ನಗಬೇಕು. ನಕ್ಕು ಹೋಗಿ ಕುಂದರಬೇಕು. ಅಂಜಿಕಿ ಇದ್ದವರ ಮ್ಯಾಲೆ ಅದು ಹತ್ತೂದಿಲ್ಲ.”

ರುದ್ರೇಶ ಗೋಡೆ ಹಿಡಿದ. ತನ್ನ ಬಾಳಿನಲ್ಲಿ ಎಷ್ಟೋ ಅಳಿಸಿಹೋಗಿತ್ತು, ಇವನು ಮಾತ್ರ ಇನ್ನೂ ಉಳಿದಿದ್ದ. ಧಾರವಾಡದಲ್ಲಿ ಕಾಮಾಲೆ ಆದಾಗ ಹದಿಮೂರು ದಿನ ಕಬ್ಬಿನ ಹಾಲು ಕುಡಿಸಿದ ಕೈ ಇದೇ. “ಆ ಪತ್ರಿಕೆ ಕಟ್ಟು? ಹೆದ್ದಾರಿ ಜಾಗ? ಮೂರು ವರ್ಷದಿಂದ…”

“ನಿನ್ನಷ್ಟು ಆಸೆಯಿಂದ ಅದರಾಗ ಯಾರು ಕುಂದರತಿದ್ರೋ, ರುದ್ರು? ನನಗ ನಮ್ಮಪ್ಪ ಬೇಕಾಗಿದ್ದ.”

ಒಳಗಿನಿಂದ ಫಕ್ಕೀರಪ್ಪ ಎದ್ದು ಬಂದರು. ಮುಖ ಬಿಳಿಚಿತ್ತು. “ತಂಗೀ, ನನ್ನ ಮಗಗ ಶಾಪ ಹಾಕಬ್ಯಾಡವಾ.”

“ನಾ ಹಾಕೂದಿಲ್ರಿ ಅಣ್ಣಾರ,” ಎಂದಳು ಸರೋಜವ್ವ. “ನಾನೂ ಹಡದಾಕಿ.”

ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ಮೆಕ್ಕೆಜೋಳದ ಹೊಲಗಳು ಓಡುತ್ತಿದ್ದವು. ಹಾವೇರಿ ದಾಟುವ ಹೊತ್ತಿಗೆ ರುದ್ರೇಶ ಕೇಳಿದ, “ನಾವು ಯಾರ ಮನಿಗೆ ಹೋಗಿದ್ವಿ?” ಶಿಗ್ಗಾಂವದಲ್ಲಿ ಇಳಿಯುವಾಗ ಪಕ್ಕದಲ್ಲಿದ್ದ ಮುದುಕಿಗೆ ಕೈ ಆಸರೆ ಕೊಟ್ಟು, “ಸಾವಕಾಶ ಇಳೀರಿ,” ಎಂದ. ಸರೋಜವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಅಳಲಿಲ್ಲ.

ಹೊತ್ತು ಇಳಿದಿತ್ತು. ಹೋಟೆಲಿಗೆ ಬೀಗವಿತ್ತು. ಅವನ ಕಾಲುಗಳು ಕಾರಿನತ್ತ ಹೊರಟವು. ಮುದುಕಿ ಅಡ್ಡ ನಿಂತಳು.

“ಒಂದು ಮಾತು ಹೇಳ್ತಿಯೇನಪಾ? ಆ ಸೀಟಿನ್ಯಾಗ ಕುಂದರಬ್ಯಾಡ ಅಂತ ನನಗ ಹೇಳು.”

ಅವನಿಗೆ ಏನೂ ತಿಳಿಯಲಿಲ್ಲ. ಪಾಪ, ವಯಸ್ಸಾದ ಹೆಂಗಸು. “ಆ ಸೀಟಿನ್ಯಾಗ ಕುಂದರಬ್ಯಾಡ್ರಿ.”

ಅವಳು ನಕ್ಕಳು. ಅದು ಬಿಕ್ಕಿನ ಹಾಗಿತ್ತು. ಕಾರು ಮಿಸುಕಲಿಲ್ಲ. ಬಾಗಿಲು ಜಗ್ಗಿದಳು. ತೆರೆಯಲಿಲ್ಲ.

ಸರೋಜವ್ವ ಕಣ್ಣು ಮುಚ್ಚಿದಳು. ಮಗನನ್ನು ಹೆತ್ತ ದಿನದಿಂದ ನೆನಪುಗಳಲ್ಲಿ ಹುಡುಕುತ್ತ ಬಂದಳು. ನಗುವಂಥದ್ದು ಬೇಕಿತ್ತು. ಅಂಜಿಕೆಯನ್ನು ಮೀರಿ ನಗುವಂಥದ್ದು. ಸಿಕ್ಕಿತು. “ನನ್ನ ಮಗ ಆರು ವರ್ಷದಾಂವ ಇದ್ದಾಗ, ಮಠದಾಗ ಪುರಾಣ ನಡದಿತ್ತು. ಇವ ಹಿಂದ ಹೋಗಿ ಶಾಸ್ತ್ರಿಗಳ ಶಾಲು ಕಂಬಕ್ಕ ಕಟ್ಟಿಬಿಟ್ಟಾನ! ಹೇಳು, ಹೇಳು ಮತ್ತ.”

“ಕುಂದರಬ್ಯಾಡ್ರಿ.”

ಅವಳಿಗೆ ನಗು ಬಂತು. ಖರೇ ನಗು. ಕಾರಿನೊಳಗೆ ಏನೋ ಕಿರ್ರೆಂದಿತು.

“ಮಂಗಳಾರತಿಗೆ ಶಾಸ್ತ್ರಿಗಳು ಗತ್ತಿನಿಂದ ಎದ್ದಾರ. ಶಾಲು ಅಲ್ಲೇ! ಬರೇ ಹೊಟ್ಟಿ ಮುಂದ ಬಂದೈತಿ! ಹೇಳು.”

“ಕುಂದರಬ್ಯಾಡ್ರಿ, ಅಜ್ಜೀ.”

ಬಿದ್ದು ಬಿದ್ದು ನಕ್ಕಳು. ಪೌಡರಿನ ವಾಸನೆ ಗಾಳಿಯಲ್ಲಿ ಇಡಿಕಿರಿಯಿತು.

“ಇವ ಓಡಿ ಬಂದು ನನ್ನ ಸೆರಗಿನ್ಯಾಗ ಮಾರಿ ಹುದುಗಿಸಿದ. ಶಾಸ್ತ್ರಿಗಳು ಬಂದು ‘ಯಾರು ಕಟ್ಟಿದ್ರು’ ಅಂದ್ರ, ಸೆರಗಿನೊಳಗಿಂದ ‘ನಾ ಇಲ್ಲಿಲ್ಲ’ ಅಂದ! ಹೇಳೋ ನನ್ನಪ್ಪಾ. ಕಡೀ ಸಲ.”

“ಕುಂದರಬ್ಯಾಡ್ರಿ!”

ಕಣ್ಣಲ್ಲಿ ನೀರು ಸುರಿಯುವ ಹಾಗೆ ನಗುತ್ತ ನಗುತ್ತ ಸರೋಜವ್ವ ಹಿಂದೆ ಹೆಜ್ಜೆ ಇಟ್ಟಳು. ಬಾಗಿಲು ತಾನಾಗಿ ತೆರೆಯಿತು. ಕೂತಳು. ಬಾಗಿಲು ಮುಚ್ಚಿತು.

ನಗು ನಿಂತಿತು.

ರುದ್ರೇಶನ ತಲೆಯಲ್ಲಿ ಕೆರೆಯ ಕಟ್ಟೆ ಒಡೆಯಿತು. ಗದಗಿನ ಅಂಗಳ. ದಪ್ಪ ಮೀಸೆಯ ಅಪ್ಪ. ಬಸವೇಶನ ಕೈಯ ಕಬ್ಬಿನ ಹಾಲು, ಅದೇ ಕೈ ಆಮೇಲೆ ಮಾಡಿದ ಮೋಸ. ಸೆರಗಿನೊಳಗಿನ ಕತ್ತಲು, ಹಿಟ್ಟಿನ ಘಮ, ನಗುವಿಗೆ ಕುಲುಕುತ್ತಿದ್ದ ಅವ್ವನ ಹೊಟ್ಟೆ. ಎಲ್ಲ ಬಂತು. ಒಂದೂ ಬಿಡದೆ ಬಂತು.

“ಅವ್ವಾ!”

ಹಿಡಿಕೆ ಜಗ್ಗಿದ. ಗುದ್ದಿದ. ಗಾಜು ತಾನಾಗಿ ಕೆಳಗಿಳಿಯಿತು. ಸರೋಜವ್ವ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ನೇರ ಕೂತಿದ್ದಳು. ಅವಳ ಕಣ್ಣು ಹೆದ್ದಾರಿಯ ಮೇಲಿತ್ತು.

“ಅವ್ವಾ, ನಾನು. ನಿನ್ನ ರುದ್ರ.”

ಅವಳು ತಿರುಗಿದಳು. ದಾರಿಹೋಕನನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡಿದಳು.

“ಸ್ವಲ್ಪ ಈ ಕಡೆ ನಿಂದ್ರತೀರೇನ್ರಿ? ರಸ್ತೆ ಕಾಣವಲ್ದು. ನನ್ನ ಮಗ ಸಾಲಿಯಿಂದ ಬರೂ ಹೊತ್ತಾತು. ಹಳದಿ ಬಸ್ಸಿನ್ಯಾಗ ಬರ್ತಾನ.”

ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಆಮೇಲೆ ಕೇಳಿದ. “ಮಗನ ಹೆಸರು ಏನ್ರಿ?”

ಸರೋಜವ್ವನ ಮುಖ ಅರಳಿತು. ಅವನ ಜನ್ಮದಲ್ಲಿ ಎಂದೂ ಕೇಳದ ಒಂದು ಹೆಸರನ್ನು, ಅವನನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ ಹೇಳಿದಳು.