ಮುತ್ಯಾಲಮ್ಮನಿಗೆ ಪುರುಸೊತ್ತಿಲ್ಲ

"ಕೈ ತೆಗೀರಿ! ತೆಗೀರಿ ಅಂದ್ನಲ್ಲ!"

ಗಂಡಸಿನ ದನಿ. ಅದರ ಹಿಂದೆಯೇ ಯಾರೋ ಅವಳ ಮುಂಗೈಯನ್ನು ಗಬಕ್ಕನೆ ಹಿಡಿದರು.

ಮುತ್ಯಾಲಮ್ಮನ ಎದೆ ಧಸಕ್ಕೆಂದಿತು. ಬೊಗಸೆಯಲ್ಲಿದ್ದ ಹಿಪ್ಪುನೇರಳೆ ಸೊಪ್ಪು ನೆಲಕ್ಕೆ ಚೆಲ್ಲಿತು. ಗಂಡ ಸತ್ತ ಮೇಲೆ ಒಬ್ಬ ಗಂಡಸು ಅವಳನ್ನು ಮುಟ್ಟಿದ್ದು ಅದೇ ಮೊದಲು!

"ಬಿಡ್ರೀ ಕೈ! ಹುಳ ಮಂಕಾಗಿದ್ದಾವೆ, ಬಂದು ನೋಡು ಅಂತ ಹೇಳಿ ಕಳಿಸಿದ್ದು ನೀವೇ ತಾನೇ?"

"ಹೌದು, ನೋಡಿ ಅಂತಾನೇ ಕರೆಸಿದ್ದು. ನೋಡಿದ್ರಾ?" ಅವನು ಕೈ ಬಿಟ್ಟ. ದನಿಯನ್ನೂ ತಗ್ಗಿಸಿದ. "ಮಂಕಾಗಿರೋ ತಟ್ಟೆ ಆ ಕಡೇದು. ಇವು ಜ್ವರದಲ್ಲಿವೆ ಕಣ್ರೀ..."

ಅವಳು ಬಗ್ಗಿ ನೋಡಿದಳು. ನಾಚಿಕೆಯಿಂದ ಮುಖ ಕೆಂಪಾಯಿತು.

ರೇಷ್ಮೆ ಸಾಕುವವರ ಮಾತಿನಲ್ಲಿ ಜ್ವರವೆಂದರೆ ಕಾಯಿಲೆಯಲ್ಲ. ಹಳೆಯ ಚರ್ಮ ಕಳಚುವ ಮೊದಲು ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ತಾಯಲೂರಿನಲ್ಲಿ ಯಾವ ಮಗುವನ್ನು ಕೇಳಿದರೂ ಇದನ್ನು ಹೇಳುತ್ತದೆ. ಹುಳ ಸಾಕುವುದರಲ್ಲಿ ಊರಿಗೇ ಹೆಸರಾದ ಮುತ್ಯಾಲಮ್ಮನಿಗೆ ಮಾತ್ರ ಆ ದಿನ ಗೊತ್ತಾಗಲಿಲ್ಲ! ಗೊತ್ತಾಗಬೇಕಾದರೆ ನಿಂತು ನೋಡಬೇಕಲ್ಲ? ಬೆಳಗಿನಿಂದ ಮೂರು ಮನೆ ಸುತ್ತಿ ಬಂದಿದ್ದಳು. ಇನ್ನೂ ಎರಡು ಮನೆ ಬಾಕಿ ಇತ್ತು.

"ತಪ್ಪಾಯ್ತು..."

"ತಪ್ಪೇನಿಲ್ಲ. ಕೂತ್ಕೊಳ್ಳಿ, ಮಜ್ಜಿಗೆ ಕೊಡ್ತೀನಿ. ಮುಖ ಎಷ್ಟು ಬಾಡಿದೆ ನೋಡಿ."

ಕೂತ್ಕೊಳ್ಳಿ! ಆ ಮಾತನ್ನು ಅವಳಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ.

"ಪುರುಸೊತ್ತಿಲ್ಲ," ಎಂದು ಸೆರಗು ಬಿಗಿದು ಓಡಿಯೇ ಹೋದಳು.

ಅದು ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಸರ್ಕಾರ ಕೇಳುತ್ತಿತ್ತು, ಗೂಡಿಗೆ ಬೆಲೆ ಬಂದಿತ್ತು. ಮುಳಬಾಗಿಲಿನ ಸುತ್ತ ಯಾರ ಮನೆಗೆ ಹೋದರೂ ಹುಳದ ತಟ್ಟೆಗಳೇ. "ಮುತ್ಯಾಲು ಕೈಯಿಟ್ರೆ ಬೆಳೆ ಚೆನ್ನಾಗಾಗುತ್ತೆ" ಎಂಬ ಮಾತು ಹಬ್ಬಿಬಿಟ್ಟಿತ್ತು. ಇಲ್ಲಿ ಸೊಪ್ಪು ಹೆಚ್ಚಬೇಕು, ಅಲ್ಲಿ ಗೂಡು ಕಟ್ಟುವಷ್ಟು ಹಣ್ಣಾದ ಹುಳ ಆಯಬೇಕು, ಇನ್ನೊಂದು ಕಡೆ ಗೂಡು ಬೇಯಿಸಿ ನೂಲು ಬಿಚ್ಚಬೇಕು. ಮನೆಗೆ ಬಂದರೆ ಅತ್ತಿಗೆ ಚಿಕ್ಕಗಂಗಮ್ಮ ರಾಗಿ ಕಲ್ಲಿನ ಮುಂದೆ ಮೊರ ಇಟ್ಟಿರುತ್ತಿದ್ದಳು.

ಬೇಡ ಎನ್ನಲು ಅವಳಿಗೆ ಧೈರ್ಯವಿರಲಿಲ್ಲ. ಗಂಡ ಹೋದ ಮೇಲೆ ಅಣ್ಣ ಮುನಿಯಲ್ಲಪ್ಪನ ಮನೆ ಸೇರಿದವಳು ಅವಳು. ಕೈ ನಿಂತರೆ ಅಲ್ಲಿ ತನಗೆ ಜಾಗವಿಲ್ಲ ಎಂದು ಒಳಗೊಳಗೇ ಹೆದರಿದ್ದಳು. 'ಎಲ್ಲರಿಗೂ ನನ್ನ ಕೈ ಬೇಕು... ನಾನು ಯಾರಿಗಾದರೂ ಬೇಕಾ?' ಎಂಬ ಪ್ರಶ್ನೆ ಆಗಾಗ ಬರುತ್ತಿತ್ತು. ಉತ್ತರ ಗೊತ್ತಿದ್ದರಿಂದ ಅದನ್ನು ಬೇಗ ಅದುಮಿಬಿಡುತ್ತಿದ್ದಳು.

ಆದರೂ ಮಜ್ಜಿಗೆ ಕೊಡ್ತೀನಿ ಎಂದವನ ಊರಾಚೆಯ ತೋಟದ ಮನೆಗೆ ಅವಳ ಕಾಲು ಮತ್ತೆ ಮತ್ತೆ ಹೋಯಿತು. ಹುಳ ನೋಡುವುದು ಬರೀ ನೆಪ!

ಅವನ ಹೆಸರು ಚನ್ನರಾಯಪ್ಪ. ಹೆಂಡತಿ ಸತ್ತವನು. ಒಬ್ಬನೇ ಇದ್ದ. ನಾಲ್ಕೇ ತಟ್ಟೆ ಹುಳ ಸಾಕುತ್ತಿದ್ದ. ಕೆಲಸ ಮುಗಿದರೆ ಜಗುಲಿಯ ಮೇಲೆ ಸುಮ್ಮನೆ ಕೂರುತ್ತಿದ್ದ. ಅವನಿಗೆ ತಲೆ ಸರಿಯಿಲ್ಲ ಎಂದು ಊರವರು ನಗುತ್ತಿದ್ದರು.

"ನಿಮಗೆ ಹೀಗೆ ಸುಮ್ಮನಿರೋಕೆ ಬೇಜಾರಾಗಲ್ವಾ?" ಒಂದು ದಿನ ಅವಳು ಕೇಳಿಯೇಬಿಟ್ಟಳು.

"ನಾನೂ ನಿಮ್ಮ ಹಾಗೇ ಓಡ್ತಿದ್ದೆ. ಮೂರು ಗಾಡಿ ಕಟ್ಟಿದ್ದೆ. ಇವತ್ತು ಕೋಲಾರ, ನಾಳೆ ಮಾಲೂರು, ನಾಡಿದ್ದು ಶ್ರೀನಿವಾಸಪುರದ ಸಂತೆ. ಒಂದಿನ ನನ್ನ ಹೆಂಡ್ತಿ ಭಾರತಮ್ಮ ಹೊಸಿಲಲ್ಲಿ ನಿಂತು, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು ಅಂದ್ಲು. ಬಂದ ಮೇಲೆ ಹೇಳು ಅಂತ ಗಾಡಿ ಹತ್ತಿದೆ." ಅವನು ಹೊಸಿಲ ಕಡೆ ನೋಡಿದ. "ಬರೋಷ್ಟರಲ್ಲಿ ವಾಂತಿಭೇದಿ ಆಗಿ ಹೋಗಿಬಿಟ್ಟಿದ್ಲು. ಏನು ಹೇಳ್ಬೇಕು ಅಂತಿದ್ಲೋ... ಗೊತ್ತೇ ಆಗ್ಲಿಲ್ಲ. ಗಾಡಿ, ಎತ್ತು ಎಲ್ಲಾ ಮಾರಿಬಿಟ್ಟೆ."

ಅವಳ ಕಣ್ಣು ತುಂಬಿದವು. ಏನಾದರೂ ಸಮಾಧಾನ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ರಸ್ತೆಯಿಂದ ಯಾರೋ "ಮುತ್ಯಾಲೂ, ಎಲ್ಲಿ ಸತ್ತ್ಯೇ?" ಎಂದು ಕೂಗಿದರು. ಎದ್ದು ಓಡಿದಳು.

ಕೆಲವು ದಿನ ಕಳೆದು, ಅವನು ತೋಟದ ಬಾಗಿಲಲ್ಲಿ ಅವಳನ್ನು ತಡೆದ. ಕೈಕೈ ಹಿಸುಕಿಕೊಳ್ಳುತ್ತಿದ್ದ.

"ಮುತ್ಯಾಲಮ್ಮನೋರೇ... ಊರೆಲ್ಲ ಸುತ್ತೋದು ಬಿಟ್ಟುಬಿಡಿ. ನಮ್ಮನೇಗೆ ಬಂದ್ಬಿಡಿ. ಒಂದೇ ಮನೆ, ನಾಲ್ಕೇ ತಟ್ಟೆ ಹುಳ. ಅಷ್ಟು ಸಾಕಲ್ವಾ?"

ಅವರ ಕುಲದಲ್ಲಿ ಸೀರುಡಿಕೆ ಎಂಬ ಪದ್ಧತಿ ಇತ್ತು. ಗಂಡ ಹೋದ ಹೆಣ್ಣಿಗೆ ಹಿರಿಯರ ಮುಂದೆ ಹೊಸ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವುದು. ಅವನು ಕೇಳಬೇಕೆಂದಿದ್ದುದು ಅದನ್ನೇ. ಆದರೆ ಸೀರೆಯ ಮಾತು ಬರುವ ಹೊತ್ತಿಗೆ ನಾಚಿಕೆಯಿಂದ ನಾಲಿಗೆ ಹೊರಳಲಿಲ್ಲ. ಹುಳದ ಮಾತಾಡಿ ನಿಲ್ಲಿಸಿಬಿಟ್ಟ, ಪೆದ್ದ!

ಮುತ್ಯಾಲಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

'ಇವನೂ ಅಷ್ಟೇನಾ? ಇವನಿಗೂ ಬೇಕಾಗಿದ್ದು ನನ್ನ ಕೈನಾ?'

"ಊರವರು ಗಳಿಗೆ ಎರಡು ಗಳಿಗೆಗೆ ಕರೀತಾರೆ. ನೀವು ಜೀವಮಾನಕ್ಕೇ ಆಳು ಹುಡುಕ್ತಾ ಇದ್ದೀರ!" ದುಃಖ ಉಕ್ಕಿ ಬಂತು. "ಮಜ್ಜಿಗೆ ಕೊಟ್ಟಿದ್ದೂ ಅದಕ್ಕೇನಾ? ಇನ್ಮೇಲೆ ನಂಗೆ ಹೇಳಿ ಕಳಿಸ್ಬೇಡಿ. ನನ್ನ ಕಣ್ಣಿಗೂ ಬೀಳ್ಬೇಡಿ!"

"ಅಯ್ಯೋ, ಹಾಗಲ್ಲ..." ಅವನು ಮಾತು ಮುಗಿಸುವಷ್ಟರಲ್ಲಿ ಅವಳು ಬದು ದಾಟಿದ್ದಳು.

ಅಂದಿನಿಂದ ಅವಳು ಇನ್ನೂ ಹೆಚ್ಚು ಕೆಲಸ ಮೈಮೇಲೆ ಹಾಕಿಕೊಂಡಳು. ನಿಂತರೆ ಅವನು ನೆನಪಾಗುತ್ತಿದ್ದ. ಮಲಗಿದರೂ ನೆನಪಾಗುತ್ತಿದ್ದ.

ಆ ಬೆಳೆಯಲ್ಲಿ ಒಂದೇ ದಿನ ಎಷ್ಟೋ ಮನೆಗಳಲ್ಲಿ ಹುಳ ಹಣ್ಣಾದವು. ಹಣ್ಣಾದ ಹುಳವನ್ನು ಕೂಡಲೇ ಆಯ್ದು ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಅವಳು ದೊಡ್ಡವೆಂಕಟಪ್ಪನ ಮನೆಯಲ್ಲಿ ನೂಲು ಬಿಚ್ಚುತ್ತಿದ್ದಳು. ಬಾಗಿಲಲ್ಲಿ ಮೂರು ಮನೆಯವರು ನಿಂತು "ಬಾರೇ, ಬೇಗ ಬಾರೇ" ಎಂದು ಕೂಗುತ್ತಿದ್ದರು. ದಡಬಡ ಎದ್ದಳು. ಸೆರಗು ಸಿಕ್ಕಿಕೊಂಡಿತು. ಗೂಡು ಬೇಯುತ್ತಿದ್ದ ಕೊಪ್ಪರಿಗೆ ಅವಳ ಬಲಗೈಯ ಮೇಲೆ ಮಗುಚಿತು.

ಆ ಚೀತ್ಕಾರಕ್ಕೆ ಊರೇ ಸೇರಿತು. ಆಮೇಲೆ ಊರು ಚದುರಿತು. ಪಾಪ, ಎಲ್ಲರ ಮನೆಯಲ್ಲೂ ಹುಳ ಹಣ್ಣಾಗಿತ್ತು!

ಅಣ್ಣ ಗಾಡಿಯಲ್ಲಿ ಮುಳಬಾಗಿಲಿಗೆ ಕರೆದೊಯ್ದ. ದಾರಿಯುದ್ದಕ್ಕೂ ಮಗುವಿನ ಹಾಗೆ ಅತ್ತ. ಡಾಕ್ಟರು ಮದ್ದು ಕಟ್ಟಿದರು. ಗಾಯ ಮಾಯಿತು, ಆದರೆ ಬೆರಳುಗಳು ಮುದುಡಿಕೊಂಡವು. ಇನ್ನು ಬಿಚ್ಚುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಮೊದಮೊದಲು ನೋಡಲು ಬಂದವರು ಕನಿಕರದಿಂದ ಲೊಚಗುಟ್ಟಿದರು. ಆಮೇಲೆ ಬೇರೆ ಹೆಂಗಸರನ್ನು ಗೊತ್ತು ಮಾಡಿಕೊಂಡರು. ಅವಳ ಹೆಸರು ಹಿಡಿದು ಕೂಗುವವರೇ ಇಲ್ಲವಾದರು.

"ಏಮ್ಮಾ, ಎಷ್ಟು ದಿನ ಅಂತ ಹೀಗೆ ಕೂತ್ಕೊಂಡಿರ್ತೀಯ?" ಅತ್ತಿಗೆ ಒಂದು ದಿನ ಮುದ್ದೆಯ ತಟ್ಟೆಯನ್ನು ಕುಕ್ಕಿದಳು. "ರಾಗಿ ಸಿಗೋದೇ ಕಷ್ಟ ಆಗಿದೆ."

ಅವಳು ಎಡಗೈಯಲ್ಲಿ ಮುದ್ದೆ ಮುರಿದಳು. ನುಂಗಲಾಗಲಿಲ್ಲ.

'ಕೈ ಕೇಳಿದವನು ಅವನು. ಈಗ ಕೈಯೇ ಇಲ್ಲ. ಅವನ್ಯಾಕೆ ಬರ್ತಾನೆ?' ಹಾಗೆಂದುಕೊಳ್ಳುತ್ತಲೇ ದಿನವೂ ಬಾಗಿಲ ಕಡೆ ನೋಡುತ್ತಿದ್ದಳು, ಹುಚ್ಚಿ!

ಒಂದು ಬೆಳಿಗ್ಗೆ ಅವನು ಬಂದ. ಒಗೆದ ಪಂಚೆ ಉಟ್ಟಿದ್ದ. ಜೊತೆಯಲ್ಲಿ ಅವನ ಸೋದರತ್ತೆ ಅಕ್ಕಯಮ್ಮ ಇದ್ದಳು. ಅವಳ ಕಂಕುಳಲ್ಲಿ ಒಂದು ಗಂಟಿತ್ತು.

ಚಿಕ್ಕಗಂಗಮ್ಮ ಬಾಗಿಲಲ್ಲೇ ಹೇಳಿದಳು, "ಅವಳ ಕೈ ಕೆಲಸಕ್ಕೆ ಬರಲ್ಲಪ್ಪಾ. ಬೇರೆ ಯಾರನ್ನಾದ್ರೂ ನೋಡ್ಕೋ."

"ನಾನು ಆಳು ಕೇಳೋಕೆ ಬಂದಿಲ್ಲಮ್ಮಾ," ಎಂದ ಚನ್ನರಾಯಪ್ಪ. ಈ ಸಲ ನಾಲಿಗೆ ಹೊರಳಿತು. "ಹೆಣ್ಣು ಕೇಳೋಕೆ ಬಂದಿದ್ದೀನಿ. ಸೀರೆ ತಂದಿದ್ದೀನಿ."

ಅತ್ತಿಗೆ ಬಾಯಿ ತೆರೆದವಳು ಮುಚ್ಚಲಿಲ್ಲ. ಮುನಿಯಲ್ಲಪ್ಪ ತಂಗಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಬಾರೇ ಒಳಗೆ, ಅವರಿಬ್ಬರೂ ಮಾತಾಡ್ಕೊಳ್ಲಿ," ಎಂದು ಅವಳನ್ನೂ ಅಕ್ಕಯಮ್ಮನನ್ನೂ ಒಳಗೆ ಕರೆದೊಯ್ದ.

ಜಗುಲಿಯ ಮೇಲೆ ಅವರಿಬ್ಬರೇ ಉಳಿದರು. ಅವಳು ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಕನಿಕರಾನಾ?" ಅವಳು ಮುಖ ತಿರುಗಿಸಿದಳು. "ನಂಗೆ ಬೇಡ."

"ಅವತ್ತು ತೋಟದಲ್ಲಿ ಕೇಳಿದ್ದೂ ಇದೇ."

"ಸುಳ್ಳು! ಹಾಗಿದ್ರೆ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು..."

ಈ ವಯಸ್ಸಿಗೆ ನಾಚಿಕೆ! ಅವಳಿಗೆ ನಗು ಬರಬೇಕಿತ್ತು. ಅಳು ಬಂತು. ಆ ಒಂದು ಮಾತಿಗಾಗಿ ಇಷ್ಟೆಲ್ಲ ಆಗಿಹೋಯಿತಲ್ಲ, ದೇವರೇ!

"ಕೈ ಸುಟ್ಟಾಗಲಾದ್ರೂ ಬರಬಾರದಿತ್ತಾ?"

"ಬಂದಿದ್ದೆ. ನಿಮ್ಮತ್ತಿಗೆ, ಮಲಗಿದ್ದಾಳೆ ಅಂದ್ರು. ಕಣ್ಣಿಗೆ ಬೀಳ್ಬೇಡಿ ಅಂತ ನೀವೇ ಅಂದಿದ್ರಲ್ಲ, ಒಳಗೆ ಬರೋಕೆ ಧೈರ್ಯ ಸಾಲ್ಲಿಲ್ಲ. ಹೊರಟುಹೋದೆ. ಹೋಗಬಾರದಿತ್ತು, ಮುತ್ಯಾಲಮ್ಮಾ. ಈ ಸಲಾನೂ ತಡ ಮಾಡ್ಬಿಟ್ಟೆ ನಾನು."

ಅವಳು ಸೆರಗು ಸರಿಸಿ ಮುದುಡಿದ ಬೆರಳುಗಳನ್ನು ಅವನ ಮುಂದೆ ಹಿಡಿದಳು.

"ನಿಮ್ಮನೇಲಿ ನಾನು ಏನು ಮಾಡ್ಲಿ? ನೀರು ಸೇದೋಕಾಗಲ್ಲ. ಸೊಪ್ಪು ಹೆಚ್ಚೋಕಾಗಲ್ಲ. ಮುದ್ದೆ ಕಟ್ಟೋಕೂ ಆಗಲ್ಲ."

"ಮುದ್ದೆ ನಾನು ಕಟ್ತೀನಿ. ಗಂಟುಗಂಟಾಗಿರುತ್ತೆ. ಬೈಕೊಂಡು ತಿನ್ನು."

ತಿನ್ನು ಎಂದ! ನೀವು ಹೋಗಿ ನೀನು ಆಗಿತ್ತು. ಅದು ಅವನಿಗೆ ಗೊತ್ತಾಗಿರಲಿಲ್ಲ, ಅವಳಿಗೆ ಗೊತ್ತಾಯಿತು.

"ಒಂದು ಮಾತು ಕೇಳ್ಲಾ?" ಎಂದಳು ಮೆಲ್ಲಗೆ. "ನನ್ನ ಗಂಡ ಹೋದ ದಿನ ನಾನು ಅಳ್ಲಿಲ್ಲ. ಹೆಣ ಎತ್ಕೊಂಡು ಹೋಗಿದ್ದೇ ತಡ, ಹುಳ ಹಣ್ಣಾಗಿದ್ದಾವೆ ಏಳೇ ಅಂತ ಎಬ್ಬಿಸಿದ್ರು. ಸೂತಕ ಅಂತಲೂ ನೋಡ್ಲಿಲ್ಲ. ಹುಳ ಆಯ್ತಾ ಕೂತೆ... ಆಯ್ತಾನೇ ಇದ್ದೆ. ಆಮೇಲೆ ಇವತ್ತಿನ ತನಕ ಪುರುಸೊತ್ತೇ ಆಗ್ಲಿಲ್ಲ." ಅವಳು ಮುಖ ಎತ್ತಿದಳು. "ನಿಮ್ಮನೇಗೆ ಬಂದ ಮೇಲೆ ಆ ಪುಣ್ಯಾತ್ಮನಿಗೋಸ್ಕರ ಅಳ್ಬೇಕು ಅನ್ಸಿದ್ರೆ... ನಿಮಗೆ ಬೇಜಾರಾಗುತ್ತಾ?"

ಅವನು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ.

"ಭಾರತಮ್ಮನಿಗೆ ನಾನೂ ಅಳೋದಿದೆ. ಒಬ್ಬನೇ ಕೂತ್ರೆ ಬರಲ್ಲ."

"ಹುಳದ ಕೆಲಸ?"

"ಈ ಬೆಳೆಗೆ ಹುಳಾನೇ ಇಟ್ಟಿಲ್ಲ."

ಎದೆಯೊಳಗೆ ಎಷ್ಟೋ ವರ್ಷದಿಂದ ಗಟ್ಟಿಯಾಗಿ ಕೂತಿದ್ದುದು ಅಲುಗಾಡಿತು. ತಡೆಯಲು ನೋಡಿದಳು, ಆಗಲಿಲ್ಲ.

"ಈಗಲೇ... ಈಗಲೇ ಬರ್ತಾ ಇದೆ ಕಣ್ರೀ..."

ಅವನು ಗೋಡೆಗೆ ಒರಗಿ ಅವಳ ಪಕ್ಕದಲ್ಲಿ ಕೂತುಕೊಂಡ.

"ಬರ್ಲಿ ಬಿಡು," ಎಂದ. "ನಂಗೆ ಬೇರೆ ಏನೂ ಕೆಲಸ ಇಲ್ಲ."